ವಯಸ್ಸಾದ ನಾಯಿಯ ಕೀಲುನೋವು: ಮೊದಲು ಏನು ಮಾಡಬೇಕು, ಆಮೇಲೆ ಏನು

ಕೀಲುನೋವಿನ ನಾಯಿ ಇರುವ ಮನೆಗಳಲ್ಲಿ ಪ್ರಯತ್ನಕ್ಕೆ ಕೊರತೆ ಇರುವುದಿಲ್ಲ. ಮಾತ್ರೆ, ಪುಡಿ, ಎಣ್ಣೆ, ಬೆಳಗಿನ ವಾಕಿಂಗ್ ಎಲ್ಲವೂ ನಡೆದಿರುತ್ತದೆ. ಆದರೂ ಮೂರು ತಿಂಗಳು ಕಳೆಯುವಷ್ಟರಲ್ಲಿ ನಾಯಿ ಮೊದಲಿಗಿಂತ ಹೆಚ್ಚು ಕುಂಟುತ್ತಿರುತ್ತದೆ. ಬಹಳಷ್ಟು ಸಲ ಇಲ್ಲಿ ತಪ್ಪಿರುವುದು ಔಷಧವಲ್ಲ, ಕ್ರಮ. ನೋವು ಇಳಿಯುವ ಮೊದಲೇ ನಡೆಸುತ್ತಾರೆ. ನಡೆಸಿ ಕರೆತಂದು ನುಣ್ಣನೆಯ ಟೈಲ್ಸ್ ಮೇಲೆ ಬಿಡುತ್ತಾರೆ. ತೂಕ ಇಳಿಸುವುದನ್ನು ಕೊನೆಗೆ ಇಟ್ಟುಕೊಂಡು, ಅದನ್ನು ಮಾಡುವುದೇ ಇಲ್ಲ.

ಸವೆದ ಮೃದ್ವಸ್ಥಿ (ಕೀಲಿನೊಳಗೆ ಮೂಳೆಯ ತುದಿಗಿರುವ ಮೆತ್ತನೆಯ ಹೊದಿಕೆ) ಮತ್ತೆ ಬೆಳೆಯುವುದಿಲ್ಲ. ಆದರೆ ನೋವನ್ನು ಹಿಡಿತದಲ್ಲಿಟ್ಟು, ಕೀಲಿನ ಸುತ್ತಲಿನ ಸ್ನಾಯು ಕರಗದಂತೆ ನೋಡಿಕೊಂಡರೆ ನಾಯಿ ವರ್ಷಗಟ್ಟಲೆ ತನ್ನ ಕಾಲ ಮೇಲೆ ತಾನೇ ಓಡಾಡಿಕೊಂಡಿರಬಹುದು. ಕೆಳಗಿನ ಹಂತಗಳನ್ನು ಇರುವ ಅನುಕ್ರಮದಲ್ಲೇ ಮಾಡಿ.

ಬೇಕಾಗುವ ಸಾಮಾನು: ಟೈಲರ್ ಟೇಪು, ಅಡುಗೆಮನೆಯ ಸಣ್ಣ ತಕ್ಕಡಿ, ಡಿಜಿಟಲ್ ಥರ್ಮಾಮೀಟರ್, ಹಿಂಬದಿ ಜಾರದ ರಬ್ಬರ್ ಮ್ಯಾಟ್‌ಗಳು, ನಾಲ್ಕು ಇಂಚು ದಪ್ಪದ ಗಟ್ಟಿ ಫೋಮ್, ಎದೆಗೆ ಕಟ್ಟುವ ಹಾರ್ನೆಸ್, ಉಗುರು ಕಟ್ಟರ್, ಬಿಸಿನೀರಿನ ಚೀಲ, ಒಂದು ಹಳೆಯ ಹತ್ತಿ ಪಂಚೆ. ಇದಲ್ಲದೆ ವಿಡಿಯೊ ತೆಗೆಯಲು ಫೋನು.

## 1. ಇದು ಕೀಲುನೋವೇ ಎಂದು ಖಚಿತಪಡಿಸಿಕೊಳ್ಳಿ

ಕೀಲು ಸವೆತದ ನೋವಿಗೆ ಒಂದು ಚಹರೆ ಇದೆ. ಮಲಗಿ ಎದ್ದಾಗ ಕಾಲು ಬಿಗಿದಿರುತ್ತದೆ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲವಾಗುತ್ತದೆ. ಮೆಟ್ಟಿಲ ಮುಂದೆ ನಿಂತು ಯೋಚಿಸುತ್ತದೆ. ಕಾರಿಗೆ ಹಾರುವುದನ್ನು ಬಿಡುತ್ತದೆ. ಓಡುವಾಗ ಹಿಂಗಾಲು ಎರಡನ್ನೂ ಜೋಡಿಸಿ ಮೊಲದ ಹಾಗೆ ನೆಗೆಯುತ್ತದೆ. ಕೂರುವಾಗ ಒಂದು ಕಾಲನ್ನು ಪಕ್ಕಕ್ಕೆ ಚಾಚುತ್ತದೆ. ಒಂದೇ ಕೀಲನ್ನು ಕೂದಲು ಕಂದುವವರೆಗೆ ನೆಕ್ಕುತ್ತದೆ. ಮಲವಿಸರ್ಜನೆಗೆ ಕುಕ್ಕುರು ಕೂರಲಾಗದೆ ಜಾಗ ಬದಲಿಸುತ್ತಲೇ ಇರುತ್ತದೆ. ಗಮನಿಸಿ, ಇದರಲ್ಲಿ ಅರಚುವುದು ಇಲ್ಲ. ನಿತ್ಯದ ನೋವಿಗೆ ನಾಯಿ ಅರಚುವುದು ಬಹಳ ಅಪರೂಪ. ‘ಅದು ಕೂಗ್ತಾ ಇಲ್ವಲ್ಲ, ವಯಸ್ಸಾಯ್ತು ಅಷ್ಟೆ’ ಎಂದು ಬಿಟ್ಟ ನಾಯಿಗಳೇ ಕೊನೆಗೆ ಏಳಲಾಗದ ಸ್ಥಿತಿಗೆ ಬರುವುದು.

ಇದೇ ಥರ ಕಾಣುವ ಬೇರೆ ಕಾಯಿಲೆಗಳಿವೆ. ನಮ್ಮ ಮೈಸೂರು–ಮಂಡ್ಯದ ಕಡೆ ಮೊದಲು ಅನುಮಾನಿಸಬೇಕಾದ್ದು ಉಣ್ಣೆಜ್ವರ. ಉಣ್ಣೆ ಕಚ್ಚಿ ಹರಡುವ ಎರ್ಲಿಕಿಯಾ ಸೋಂಕಿನಲ್ಲೂ ಕೀಲು ಊದಿ ನಾಯಿ ಕುಂಟುತ್ತದೆ. ವ್ಯತ್ಯಾಸ ಏನೆಂದರೆ, ಅದರಲ್ಲಿ ಕುಂಟು ಇವತ್ತು ಈ ಕಾಲು, ನಾಳೆ ಆ ಕಾಲು ಎಂದು ಜಾಗ ಬದಲಿಸಬಹುದು. ಜೊತೆಗೆ ಜ್ವರ, ಊಟ ಬಿಡುವುದು, ಒಸಡು ಬಿಳಚಿಕೊಳ್ಳುವುದು, ಕೆಲವೊಮ್ಮೆ ಮೂಗಿನಲ್ಲಿ ರಕ್ತ ಬರುವುದೂ ಇರುತ್ತದೆ. ನಾಯಿಯ ಸಹಜ ತಾಪಮಾನ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, 103 ದಾಟಿದ್ದರೆ ಮೊದಲು ರಕ್ತಪರೀಕ್ಷೆ. ಉಣ್ಣೆಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕುಸಿದಿರುತ್ತದೆ. ಅದು ಗೊತ್ತಿಲ್ಲದೆ ನೋವಿನ ಮಾತ್ರೆ ಕೊಟ್ಟರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗುವ ಅಪಾಯ ಇದೆ.

ನಡೆಯುವಾಗ ಪಾದ ಮಡಚಿ ಬೆರಳಿನ ಮೇಲ್ಭಾಗ ನೆಲಕ್ಕೆ ಉಜ್ಜುತ್ತಿದ್ದರೆ ತೊಂದರೆ ಇರುವುದು ಬೆನ್ನುಹುರಿಯಲ್ಲಿ ಅಥವಾ ನರದಲ್ಲಿ. ಒಂದೇ ಕಾಲು, ಗಟ್ಟಿಯಾದ ಊತ, ದಿನದಿಂದ ದಿನಕ್ಕೆ ಹೆಚ್ಚುವ ನೋವು ಎಂದಾದರೆ, ಅದರಲ್ಲೂ ದೊಡ್ಡ ತಳಿಯ ನಾಯಿಯಾದರೆ, ಮೂಳೆ ಕ್ಯಾನ್ಸರ್ ಇಲ್ಲವೆಂದು ಎಕ್ಸ್-ರೇಯಲ್ಲಿ ನೋಡಿಸಲೇಬೇಕು.

ಪಶು ವೈದ್ಯರ ಹತ್ತಿರ ಹೋಗುವ ಮುಂಚೆ ಮನೆಯಲ್ಲೇ ಮೂರು ವಿಡಿಯೊ ತೆಗೆಯಿರಿ: ಬೆಳಿಗ್ಗೆ ಮಲಗಿದಲ್ಲಿಂದ ಏಳುವುದು, ಪಕ್ಕದಿಂದ ಕಾಣುವ ನಡಿಗೆ, ಹಿಂದಿನಿಂದ ಕಾಣುವ ನಡಿಗೆ. ಆಸ್ಪತ್ರೆಯಲ್ಲಿ ಗಾಬರಿಗೆ ಎಷ್ಟೋ ನಾಯಿಗಳು ಕುಂಟುವುದನ್ನೇ ಮರೆತು ನೆಟ್ಟಗೆ ನಡೆದುಬಿಡುತ್ತವೆ. ತೊಡೆಯ ನಡುಭಾಗದ ಸುತ್ತಳತೆಯನ್ನು ಎರಡೂ ಹಿಂಗಾಲಿನಲ್ಲಿ ಟೇಪಿನಿಂದ ಅಳೆದು ಬರೆದಿಡಿ. ನೋಯುವ ಕಾಲು ಕಡಿಮೆ ಭಾರ ಹೊರುವುದರಿಂದ ಅದರ ಸ್ನಾಯು ಕರಗಿರುತ್ತದೆ. ಮೈಸೂರು, ಮಂಡ್ಯದಲ್ಲಿ ಎಕ್ಸ್-ರೇಯಿಂದ ತೀರ್ಮಾನ ಆಗದಿದ್ದರೆ ಬೆಂಗಳೂರಿನ ಹೆಬ್ಬಾಳ ಅಥವಾ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಪತ್ರ ಬರೆಸಿಕೊಳ್ಳಿ.

## 2. ಎಲ್ಲಕ್ಕಿಂತ ಮೊದಲು ನೋವು ಇಳಿಸಿ

ನೋವಿರುವ ಕಾಲನ್ನು ನಾಯಿ ಬಳಸುವುದಿಲ್ಲ. ಬಳಸದ ಸ್ನಾಯು ಕರಗುತ್ತದೆ. ಸ್ನಾಯು ಕರಗಿದರೆ ಕೀಲು ಇನ್ನಷ್ಟು ಅಲುಗಾಡಿ ನೋವು ಹೆಚ್ಚುತ್ತದೆ. ಈ ಸುತ್ತನ್ನು ಮುರಿಯುವ ಜಾಗ ನೋವು. ವ್ಯಾಯಾಮದಿಂದ ಶುರು ಮಾಡಿದರೆ ಮುರಿಯುವುದಿಲ್ಲ.

ನಾಯಿಗಳಿಗೆ ಸಾಮಾನ್ಯವಾಗಿ ಬರೆಯುವ ಉರಿಯೂತ ನಿವಾರಕಗಳು ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್, ಫಿರೊಕಾಕ್ಸಿಬ್. ಶುರು ಮಾಡುವ ಮುಂಚೆ ಪಿತ್ತಜನಕಾಂಗ ಮತ್ತು ಮೂತ್ರಪಿಂಡದ ರಕ್ತಪರೀಕ್ಷೆ, ಎರಡರಿಂದ ನಾಲ್ಕು ವಾರಕ್ಕೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಂದು. ಮಾತ್ರೆಯನ್ನು ಊಟದ ಜೊತೆಗೇ ಕೊಡಿ. ನೋವು ಹಳೆಯದಾಗಿ ನರಗಳೇ ಸೂಕ್ಷ್ಮವಾಗಿದ್ದರೆ ಡಾಕ್ಟರು ಗ್ಯಾಬಪೆಂಟಿನ್ ಸೇರಿಸಬಹುದು. ಅದರಲ್ಲಿ ಮೊದಲ ಕೆಲವು ದಿನ ತೂಕಡಿಕೆ, ತೂರಾಟ ಇರುತ್ತದೆ. ಮನುಷ್ಯರಿಗೆಂದು ಬರುವ ಗ್ಯಾಬಪೆಂಟಿನ್ ಸಿರಪ್ಪಿನಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರಬಹುದು, ಅದು ನಾಯಿಗೆ ವಿಷ, ಕ್ಯಾಪ್ಸೂಲನ್ನೇ ಕೇಳಿ.

ಮನೆಯ ಡಬ್ಬಿಯಲ್ಲಿರುವ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ಮತ್ತು ಡೈಕ್ಲೋಫಿನ್ಯಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಮೆಲಾಕ್ಸಿಕ್ಯಾಮ್ ನಾಯಿಗೂ ಕೊಡುತ್ತಾರಲ್ಲ ಎಂದು ಮೆಡಿಕಲ್ ಶಾಪಿನಿಂದ ತರುವವರು ಈ ಲೆಕ್ಕ ನೋಡಿ: ನಾಯಿಗೆ ನಿತ್ಯದ ಪ್ರಮಾಣ ಸಾಮಾನ್ಯವಾಗಿ ಒಂದು ಕೆ.ಜಿ. ತೂಕಕ್ಕೆ 0.1 ಮಿ.ಗ್ರಾಂ. ಅಂದರೆ 12 ಕೆ.ಜಿ.ಯ ನಾಟಿ ನಾಯಿಗೆ ದಿನಕ್ಕೆ 1.2 ಮಿ.ಗ್ರಾಂ. ಮನುಷ್ಯರ ಮಾತ್ರೆ 7.5 ಅಥವಾ 15 ಮಿ.ಗ್ರಾಂ. ಒಂದು ಮಾತ್ರೆಯಲ್ಲಿ ಆರರಿಂದ ಹನ್ನೆರಡು ಪಟ್ಟು ಹೋಗಿಬಿಡುತ್ತದೆ. ಮಂಡ್ಯ ಕಡೆ ಹಸು ಕಟ್ಟಿದ ಮನೆಗಳಲ್ಲಿ ಇನ್ನೊಂದು ಅಪಾಯ ಇದೆ: ಕೊಟ್ಟಿಗೆಯ ಗೂಡಿನಲ್ಲಿ ಉಳಿದಿರುವ ಮೆಲಾಕ್ಸಿಕ್ಯಾಮ್–ಪ್ಯಾರಾಸಿಟಮಾಲ್ ಬೋಲಸ್. ನೂರಾರು ಕೆ.ಜಿ. ಹಸುವಿಗೆ ಮಾಡಿದ ಗುಳಿಗೆಯ ಸಣ್ಣ ಚೂರೂ ನಾಯಿಗೆ ಹೆಚ್ಚು.

ಎರಡು ಬಗೆಯ ಉರಿಯೂತ ನಿವಾರಕಗಳನ್ನು ಒಟ್ಟಿಗೆ ಕೊಡಬಾರದು. ಇವುಗಳ ಜೊತೆ ಪ್ರೆಡ್ನಿಸೊಲೊನ್‌ನಂಥ ಸ್ಟೀರಾಯ್ಡ್ ಸೇರಲೇಬಾರದು. ಚರ್ಮದ ತುರಿಕೆಗೆ ಒಬ್ಬ ಡಾಕ್ಟರು, ಕಾಲಿಗೆ ಇನ್ನೊಬ್ಬರು ನೋಡುತ್ತಿದ್ದಾಗ ಈ ಎಡವಟ್ಟು ಆಗುತ್ತದೆ. ಕೊಡುತ್ತಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಕೈಯಲ್ಲಿ ಹಿಡಿದು ಹೋಗಿ.

ನೋವಿನ ಮುಲಾಮು, ನೀಲಗಿರಿ ಎಣ್ಣೆ, ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿದ್ದು, ಇವನ್ನು ಹಚ್ಚುವ ಆಸೆ ಸಹಜ. ನಾಯಿ ಅದನ್ನು ನೆಕ್ಕುತ್ತದೆ. ಕರ್ಪೂರ ಹೊಟ್ಟೆಗೆ ಹೋದರೆ ಮೈ ಅದುರಿ ಫಿಟ್ಸ್ ಬರಬಹುದು. ಬೇಡ.

ಮಾತ್ರೆಗೆ ಎರಡು ವಾರ ಕೊಡಿ. ಬಾಗಿಲಿಗೆ ಎದ್ದು ಬರುವುದು, ಬಾಲ ಆಡಿಸುವುದು, ರಾತ್ರಿ ಒಂದೇ ಮಗ್ಗುಲಲ್ಲಿ ಮಲಗುವುದು ಮತ್ತೆ ಶುರುವಾದರೆ ಇಷ್ಟು ದಿನ ವಯಸ್ಸೆಂದು ಅಂದುಕೊಂಡಿದ್ದು ನೋವು ಎಂದು ತಿಳಿಯಿರಿ. ಇಲ್ಲೇ ಎಲ್ಲರೂ ಮಾಡುವ ತಪ್ಪು: ‘ಹುಷಾರಾಯ್ತು’ ಎಂದು ಮಾತ್ರೆ ನಿಲ್ಲಿಸಿ ಅದೇ ವಾರ ದೂರ ನಡೆಸುವುದು. ಪ್ರಮಾಣ ಇಳಿಸುವುದಿದ್ದರೆ ಡಾಕ್ಟರ ಜೊತೆ ಮಾತಾಡಿ, ತೂಕ ಇಳಿದು ಸ್ನಾಯು ಬಂದ ಮೇಲೆ, ಮೆಲ್ಲಗೆ.

## 3. ನೆಲ, ಹಾಸಿಗೆ, ಮೆಟ್ಟಿಲು

ಇದು ಒಂದು ದಿನದ ಕೆಲಸ, ಆದರೆ ಇದನ್ನು ಬಿಟ್ಟವರೇ ಹೆಚ್ಚು. ಅಗ್ರಹಾರದ ಹಳೆ ಮನೆಗಳ ಕೆಂಪು ಗಾರೆ ನೆಲ, ಹೊಸ ಬಡಾವಣೆಗಳ ವಿಟ್ರಿಫೈಡ್ ಟೈಲ್ಸ್, ಗ್ರಾನೈಟು, ಮೂರೂ ನಾಯಿಯ ಪಾದಕ್ಕೆ ಜಾರುತ್ತವೆ. ಜಾರಿದಾಗ ಹಿಂಗಾಲು ಎರಡು ಕಡೆಗೆ ಸೀಳಿಕೊಂಡು ಸೊಂಟದ ಕೀಲು ಎಳೆಯುತ್ತದೆ. ದಿನಕ್ಕೆ ಹತ್ತು ಸಲ ಹೀಗಾದರೆ ಯಾವ ಮಾತ್ರೆಯೂ ಫಲ ಕೊಡುವುದಿಲ್ಲ.

ಇಡೀ ಮನೆಗೆ ಹಾಸಬೇಕಿಲ್ಲ. ನಾಯಿ ದಿನವೂ ಓಡಾಡುವ ದಾರಿ ಗುರುತಿಸಿ: ಮಲಗುವ ಜಾಗದಿಂದ ನೀರಿನ ಬಟ್ಟಲು, ಅಲ್ಲಿಂದ ಬಾಗಿಲು, ಬಾಗಿಲಿಂದ ಗೇಟು. ಆ ಸಾಲಿಗೆ ಎರಡು ಅಡಿ ಅಗಲದ ಮ್ಯಾಟ್‌ಗಳನ್ನು ನಡುವೆ ಖಾಲಿ ಬಿಡದಂತೆ ಹಾಸಿ. ನಡುವೆ ಒಂದಡಿ ಟೈಲ್ಸ್ ಕಂಡರೂ ನಾಯಿ ಅಲ್ಲೇ ನಿಂತುಬಿಡುತ್ತದೆ, ಇಲ್ಲವೇ ನೆಗೆಯಲು ಹೋಗಿ ಬೀಳುತ್ತದೆ. ಹಳೆ ಯೋಗ ಮ್ಯಾಟ್ ಆಗುತ್ತದೆ. ಗೋಣಿಚೀಲ ಆಗದು, ಅದು ನೆಲದ ಮೇಲೆ ತಾನೇ ಜಾರುತ್ತದೆ.

ಹಾಸಿಗೆಗೆ ಗಟ್ಟಿ ಫೋಮ್. ಮೊಣಕಾಲೂರಿ ಒತ್ತಿದರೆ ನೆಲ ತಾಗಬಾರದು, ಅದೇ ಪರೀಕ್ಷೆ. ಹತ್ತಿ ಹಾಸಿಗೆ ತಿಂಗಳಲ್ಲಿ ಗಂಟುಗಟ್ಟಿ ನಡುವೆ ಹಳ್ಳ ಬೀಳುತ್ತದೆ. ಹಳ್ಳದಿಂದ ಏಳುವುದೇ ಕೀಲಿಗೆ ಕಷ್ಟ. ಫೋಮಿನ ಮೇಲೆ ರೆಕ್ಸಿನ್ ಹೊದಿಕೆ, ಅದರ ಮೇಲೆ ಒಗೆಯಬಹುದಾದ ಬಟ್ಟೆ. ಡಿಸೆಂಬರ್–ಜನವರಿಯ ಚಳಿಯಲ್ಲಿ ವರಾಂಡದಿಂದ ಒಳಗೆ ಮಲಗಿಸಿ.

ಕಾರು ಅಥವಾ ಜಗಲಿಗೆ ಇಳಿಜಾರು ಹಲಗೆ ಮಾಡಿಸುವಾಗ ಎತ್ತರದ ಮೂರು ಪಟ್ಟು ಉದ್ದ ಇರಲಿ, ಜಾಗ ಇದ್ದರೆ ನಾಲ್ಕು ಪಟ್ಟು. ಎರಡಡಿ ಎತ್ತರಕ್ಕೆ ಆರಡಿ ಹಲಗೆ. 18 ಮಿ.ಮೀ. ಪ್ಲೈವುಡ್, ಒಂದೂವರೆ ಅಡಿ ಅಗಲ, ಮೇಲೆ ತೆಂಗಿನ ನಾರಿನ ಮ್ಯಾಟನ್ನು ಅಂಟಿಸಿ ಅಂಚಿಗೆ ಮೊಳೆ. ಮೊದಲು ನೆಲದ ಮೇಲೆ ಚಪ್ಪಟೆಯಾಗಿ ಇಟ್ಟು ಅದರ ಮೇಲೆ ನಡೆಸಿ ಅಭ್ಯಾಸ ಮಾಡಿಸಿ, ಆಮೇಲೆ ಎತ್ತರಿಸಿ. ಮಹಡಿ ಮೆಟ್ಟಿಲಿಗೆ ಅಡ್ಡಗೇಟು ಹಾಕಿಬಿಡಿ. ಇಳಿಯುವಾಗ ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ.

ಉಗುರನ್ನು ಮರೆಯಬೇಡಿ. ಟೈಲ್ಸ್ ಮೇಲೆ ನಡೆದಾಗ ಟಿಕ್ ಟಿಕ್ ಸದ್ದು ಬಂದರೆ ಉದ್ದವಾಗಿದೆ ಎಂದೇ ಅರ್ಥ. ಉದ್ದನೆಯ ಉಗುರು ಬೆರಳನ್ನು ಮೇಲಕ್ಕೆ ಒತ್ತಿ ಇಡೀ ಕಾಲಿನ ಕೋನ ಬದಲಿಸುತ್ತದೆ. ಮೂರು–ನಾಲ್ಕು ವಾರಕ್ಕೊಮ್ಮೆ ಕತ್ತರಿಸಿ. ಕಪ್ಪು ಉಗುರಾದರೆ ಒಳಗಿನ ರಕ್ತನಾಳ ಕಾಣುವುದಿಲ್ಲ, ಒಂದೊಂದು ಮಿ.ಮೀ. ಮಾತ್ರ ತೆಗೆಯಿರಿ, ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಪಾದದಡಿಯ ಕೂದಲನ್ನೂ ಕತ್ತರಿಸಿ.

## 4. ತೂಕ ಇಳಿಸಿ, ಅಳೆದು ಹಾಕಿ

ಅಂಗೈ ಚಪ್ಪಟೆ ಮಾಡಿ ಪಕ್ಕೆಲುಬಿನ ಮೇಲೆ ಸವರಿ. ನಿಮ್ಮ ಅಂಗೈ ಹಿಂಬದಿಯ ಮೂಳೆ ಸವರಿದಂತೆ ಸಿಕ್ಕರೆ ತೂಕ ಸರಿ. ಒತ್ತಿ ಹುಡುಕಬೇಕಾದರೆ ಹೆಚ್ಚು. ಮೇಲಿನಿಂದ ನೋಡಿದಾಗ ಸೊಂಟ ಒಳಗೆ ಹೋಗಿರಬೇಕು. ದೊಡ್ಡ ನಾಯಿಯನ್ನು ತೂಗಲು ಆಸ್ಪತ್ರೆ ದೂರವಾದರೆ ದವಸದ ಅಂಗಡಿಯಲ್ಲಿ ಮೂಟೆ ತೂಗುವ ಯಂತ್ರ ಸಾಕು.

ತೂಕದಲ್ಲಿ ನೂರಕ್ಕೆ ಆರರಷ್ಟು ಇಳಿದಾಗಲೇ ಕುಂಟು ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡಿದೆ. 30 ಕೆ.ಜಿ. ಇರಬೇಕಾದ ಲ್ಯಾಬ್ರಡಾರ್ 38 ಇದ್ದರೆ ಎರಡೂಕಾಲು ಕೆ.ಜಿ. ಇಳಿಯುವಷ್ಟರಲ್ಲಿ ವ್ಯತ್ಯಾಸ ಕಾಣುತ್ತದೆ. ವಾರಕ್ಕೆ 300–400 ಗ್ರಾಂ ಇಳಿಸುವುದು ಕ್ಷೇಮ, ಎಂಟು ಕೆ.ಜಿ.ಗೆ ಐದಾರು ತಿಂಗಳು ಹಿಡಿಯುತ್ತದೆ.

ಲೆಕ್ಕ ಹೀಗೆ: ಇರಬೇಕಾದ ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿ. 30 ಕೆ.ಜಿ.ಗೆ 970 ಕ್ಯಾಲೊರಿ, ಇಡೀ ದಿನಕ್ಕೆ. 100 ಗ್ರಾಂ ರಾಗಿಹಿಟ್ಟಿನಲ್ಲೇ ಸುಮಾರು 320 ಕ್ಯಾಲೊರಿ ಇದೆ. ಹೊತ್ತಿಗೊಂದು ದಪ್ಪ ಮುದ್ದೆಯಂತೆ ಎರಡು ಹಾಕಿದರೆ 700ರ ಹತ್ತಿರ ಮುಗಿಯಿತು. ಮೇಲೆ ಅನ್ನ–ಮೊಸರು, ಕಾಫಿ ಹೊತ್ತಿನ ಬಿಸ್ಕತ್ತು. ಮುದ್ದೆ ತಪ್ಪಲ್ಲ, ಅಳತೆ ಇಲ್ಲದಿರುವುದು ತಪ್ಪು.

ಆ ನಾಯಿಗೆ ಒಂದು ದಿನದ ಊಟ, ಎರಡು ಹೊತ್ತಿಗೆ ಹಂಚಿ: 100 ಗ್ರಾಂ ಹಿಟ್ಟಿನ ಮುದ್ದೆ, ಚರ್ಮ ಮೂಳೆ ತೆಗೆದು ಬೇಯಿಸಿದ 250 ಗ್ರಾಂ ಕೋಳಿ ಎದೆಮಾಂಸ, ಒಂದು ಬೇಯಿಸಿದ ಮೊಟ್ಟೆ, 200 ಗ್ರಾಂ ಬೇಯಿಸಿದ ಬೀನ್ಸ್, ಸೀಮೆಬದನೆ ಅಥವಾ ಸಿಹಿಗುಂಬಳ. ಉಪ್ಪು, ಖಾರ, ಒಗ್ಗರಣೆ ಬೇಡ. ಈರುಳ್ಳಿ–ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ. ತಿಂಗಳುಗಟ್ಟಲೆ ಮನೆ ಊಟವೇ ಆದರೆ ಖನಿಜ–ವಿಟಮಿನ್ ಪೂರಕ ಬರೆಸಿ. ಮೂತ್ರಪಿಂಡದ ತೊಂದರೆ ಇರುವ ನಾಯಿಗೆ ಈ ಪಟ್ಟಿ ಹೊಂದುವುದಿಲ್ಲ, ಡಾಕ್ಟರೇ ಬೇರೆ ಹೇಳಬೇಕು.

ತೂಕ ಇಳಿಯದಿದ್ದರೆ ಮನೆಯಲ್ಲಿ ಯಾರೋ ಕೊಡುತ್ತಿದ್ದಾರೆ. ಅಜ್ಜಿ ಒಂದು ದೋಸೆ, ಮಕ್ಕಳು ಎರಡು ಬಿಸ್ಕತ್ತು, ಪಕ್ಕದ ಮನೆಯವರು ಒಂದು ಬನ್ನು. ಬೈದರೆ ಕದ್ದು ಕೊಡುತ್ತಾರೆ. ಬೆಳಿಗ್ಗೆಯೇ ಸೌತೆ, ಕ್ಯಾರೆಟ್ ಚೂರುಗಳನ್ನು ಒಂದು ಡಬ್ಬಿಗೆ ಹಾಕಿಟ್ಟು, ಕೊಡುವುದಿದ್ದರೆ ಇದರಿಂದ ಎಂದು ಹೇಳಿ. ಹಬ್ಬದ ದಿನ ಉಳಿದ ಹೋಳಿಗೆ, ತುಪ್ಪ, ಮೈಸೂರು ಪಾಕ್ ಹಾಕಿದರೆ ತೂಕ ಮಾತ್ರವಲ್ಲ, ಮೇದೋಜೀರಕ ಗ್ರಂಥಿ ಊದಿ ಜೀವಕ್ಕೇ ಬರಬಹುದು.

ಪೂರಕಗಳಲ್ಲಿ ದುಡ್ಡು ಹಾಕಲು ಯೋಗ್ಯವಾದದ್ದು ಮೀನೆಣ್ಣೆ. ಪ್ರಮಾಣ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ ಇಪಿಎ–ಡಿಎಚ್‌ಎ (ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬುಗಳು) ಸೇರಿ 100 ಮಿ.ಗ್ರಾಂ.ವರೆಗೆ. ಸಾಧಾರಣ 1000 ಮಿ.ಗ್ರಾಂ. ಕ್ಯಾಪ್ಸೂಲಿನಲ್ಲಿ ಇವೆರಡೂ ಸೇರಿ ಇರುವುದು 300 ಮಾತ್ರ. ದಿನಕ್ಕೊಂದು ಕೊಟ್ಟು ಏನೂ ಆಗಲಿಲ್ಲ ಎನ್ನುವವರಿಗೆ ಉತ್ತರ ಇಲ್ಲೇ ಇದೆ: 30 ಕೆ.ಜಿ. ನಾಯಿಗೆ ಹತ್ತು ಬೇಕು. ಸಾಂದ್ರತೆ ಹೆಚ್ಚಿರುವ ಕ್ಯಾಪ್ಸೂಲ್ ತಂದರೆ ಎಣಿಕೆ ಇಳಿಯುತ್ತದೆ. ಡಾಕ್ಟರಿಗೆ ಹೇಳಿ ಶುರು ಮಾಡಿ, ಒಂದರಿಂದ ಆರಂಭಿಸಿ ಮೂರ್ನಾಲ್ಕು ವಾರದಲ್ಲಿ ಏರಿಸಿ. ಭೇದಿಯಾದರೆ ಹಿಂದಿನ ಪ್ರಮಾಣಕ್ಕೆ ಇಳಿಯಿರಿ. ಫಲ ಕಾಣಲು ಎರಡು ತಿಂಗಳಾದರೂ ಬೇಕು. ಕಾಡ್ ಲಿವರ್ ಎಣ್ಣೆ ಬೇರೆ, ಇಷ್ಟು ಪ್ರಮಾಣದಲ್ಲಿ ಅದರ ವಿಟಮಿನ್ ಎ ಮತ್ತು ಡಿ ವಿಷವಾಗುತ್ತದೆ. ಕೀಲಿಗೆಂದು ಮಾರುವ ಗ್ಲುಕೊಸಮೈನ್‌ಗೆ ಇರುವ ಪುರಾವೆ ದುರ್ಬಲ. ಅದರ ದುಡ್ಡನ್ನು ಮ್ಯಾಟಿಗೆ ಹಾಕಿ.

## 5. ಈಗ ನಡೆಸಿ: ಸ್ವಲ್ಪ ಸ್ವಲ್ಪ, ಪದೇ ಪದೇ

ಯಾವ ನಿಮಿಷಕ್ಕೆ ನಾಯಿ ಹಿಂದುಳಿಯಲು ಶುರು ಮಾಡುತ್ತದೆ ಎಂದು ಎರಡು ದಿನ ನೋಡಿ. 12 ನಿಮಿಷ ಎಂದರೆ, 8ಕ್ಕೇ ಮನೆ ಸೇರುವಂತೆ ದಿನಕ್ಕೆ ಮೂರ್ನಾಲ್ಕು ಸಲ ನಡೆಸಿ. ಒಂದೇ ಸಲ ಮುಕ್ಕಾಲು ಗಂಟೆ ಬೇಡ. ವಾರಕ್ಕೆ ಒಂದೆರಡು ನಿಮಿಷ ಏರಿಸಿ. ಅಳತೆಗೋಲು ಮರುದಿನ ಬೆಳಿಗ್ಗೆ: ಎಂದಿಗಿಂತ ಹೆಚ್ಚು ಬಿಗಿತ ಕಂಡರೆ ನಿನ್ನೆ ಹೆಚ್ಚಾಯಿತು, ಅರ್ಧಕ್ಕೆ ಇಳಿಸಿ ಮೂರು ದಿನ ಅಲ್ಲೇ ಇರಿ. ಪೂರ್ತಿ ನಿಲ್ಲಿಸಬೇಡಿ.

ವಾರವಿಡೀ ಕಟ್ಟಿಹಾಕಿ ಭಾನುವಾರ ಕುಕ್ಕರಹಳ್ಳಿ ಕೆರೆ ಕಡೆಯೆಲ್ಲ ಸುತ್ತಿಸುವುದು ಕೀಲಿಗೆ ಮಾಡುವ ದೊಡ್ಡ ಅನ್ಯಾಯ. ಚಾಮುಂಡಿ ಬೆಟ್ಟದ ಮೆಟ್ಟಿಲಂತೂ ಈ ನಾಯಿಗಲ್ಲ. ಮಣ್ಣುದಾರಿ, ಹುಲ್ಲು, ತೋಟದ ಅಂಚು ಒಳ್ಳೆಯದು. ಉತ್ತ ಹೊಲ, ಕಬ್ಬಿನ ಗದ್ದೆಯ ಬದುವಿನ ಏರಿಳಿತ ಬೇಡ. ಮಾರ್ಚ್‌ನಿಂದ ಮೇವರೆಗೆ ಡಾಂಬರಿನ ಮೇಲೆ ಅಂಗೈಯ ಹಿಂಬದಿಯನ್ನು ಏಳು ಸೆಕೆಂಡ್ ಇಟ್ಟು ನೋಡಿ, ಇಡಲಾಗದಿದ್ದರೆ ಪಾದ ಸುಡುತ್ತದೆ. ಚೆಂಡು ಎಸೆದು ಓಡಿಸಬೇಡಿ; ಗಕ್ಕನೆ ನಿಂತು ತಿರುಗುವಾಗ ಮಂಡಿಯ ಅಸ್ಥಿರಜ್ಜು (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿಯಬಹುದು. ಕತ್ತಿನ ಪಟ್ಟಿಯ ಬದಲು ಹಾರ್ನೆಸ್ ಹಾಕಿ. ಬೀದಿನಾಯಿಗಳ ಗುಂಪು ಇರುವ ತಿರುವನ್ನು ಬಿಟ್ಟು ಹೋಗಿ, ನಿಮ್ಮ ನಾಯಿ ಈಗ ಚಟ್ಟನೆ ತಿರುಗಲಾರದು.

ನೀರಿನಲ್ಲಿ ಈಜು ಕೀಲಿಗೆ ಒಳ್ಳೆಯದು ಎಂದು ಓದಿ ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೋ ಮೈಸೂರಿನ ವರುಣಾ ನಾಲೆಗೋ ಇಳಿಸಬೇಡಿ. ಸೆಳೆತ ಇದೆ, ಕಾಂಕ್ರೀಟ್ ಇಳಿಜಾರು ಪಾಚಿಗಟ್ಟಿರುತ್ತದೆ. ಬಲವಿಲ್ಲದ ಹಿಂಗಾಲಿನ ನಾಯಿ ಹತ್ತಿ ಬರಲಾರದು. ಕಾವೇರಿಯಲ್ಲಿ ಮೊಸಳೆಗಳಿವೆ.

## 6. ಮನೆಯೊಳಗಿನ ವ್ಯಾಯಾಮ, ಶಾಖ

ನೋವು ಹಿಡಿತಕ್ಕೆ ಬಂದು ಎರಡು ವಾರ ಕಳೆದ ಮೇಲೆ, ಮ್ಯಾಟ್ ಮೇಲೆ ಮಾತ್ರ.

ಮೊದಲು ಹತ್ತು ನಿಮಿಷ ಶಾಖ. ಬಿಸಿನೀರಿನ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ನೋಡಿ, ಹಿತ ಎನಿಸಿದರೆ ಕೀಲಿನ ಮೇಲಿಡಿ. ಕೀಲು ಹೊಸದಾಗಿ ಊದಿ ಬಿಸಿಯಾಗಿದ್ದರೆ ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ.

ಕೂತು ಏಳುವುದು: ನಾಯಿಯ ಒಂದು ಮಗ್ಗುಲು ಗೋಡೆಗೆ ತಾಗುವಂತೆ ನಿಲ್ಲಿಸಿ, ಕಾಲು ಪಕ್ಕಕ್ಕೆ ಜಾರದಂತೆ ಕೂರಿಸಿ, ಎಬ್ಬಿಸಿ. ಐದು ಸಲ. ತೊಡೆಯ ಸ್ನಾಯುವಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಭಾರ ಬದಲಿಸುವುದು: ನಿಂತಿರುವಾಗ ಸೊಂಟವನ್ನು ಎಡಕ್ಕೆ, ಬಲಕ್ಕೆ ಮೆಲ್ಲಗೆ ಒತ್ತಿ, ಆಮೇಲೆ ಒಂದೊಂದೇ ಪಾದ ಎತ್ತಿ ಐದು ಸೆಕೆಂಡ್ ಹಿಡಿಯಿರಿ. ಕಾಲು ನಡುಗಿದರೆ ಅಲ್ಲಿಗೆ ನಿಲ್ಲಿಸಿ.

ಕೋಲು ದಾಟುವುದು: ನಾಲ್ಕು ಪೊರಕೆ ಕೋಲು ಅಥವಾ ಪಿವಿಸಿ ಪೈಪನ್ನು ನಾಯಿಯ ಮೈಯುದ್ದದ ಅಂತರದಲ್ಲಿ ನೆಲದ ಮೇಲಿಟ್ಟು, ಹಗ್ಗ ಹಿಡಿದು ನಿಧಾನ ದಾಟಿಸಿ. ನೆಗೆದರೆ ವೇಗ ಹೆಚ್ಚಾಗಿದೆ ಎಂದು ತಿಳಿಯಿರಿ.

ಎರಡು ವಾರಕ್ಕೊಮ್ಮೆ ಅದೇ ಜಾಗದಲ್ಲಿ ವಿಡಿಯೊ ತೆಗೆದು, ತೊಡೆಯ ಅಳತೆ ಮತ್ತು ತೂಕ ಬರೆಯಿರಿ. ದಿನವೂ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ.

## 7. ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ನೋವಿನ ಮಾತ್ರೆ ತೆಗೆದುಕೊಳ್ಳುತ್ತಿರುವ ನಾಯಿ ವಾಂತಿ ಮಾಡಿದರೆ, ಊಟ ಬಿಟ್ಟರೆ, ಮಲ ಟಾರಿನಂತೆ ಕಪ್ಪಗಾದರೆ, ಕಣ್ಣಿನ ಬಿಳಿಭಾಗ ಹಳದಿಯಾದರೆ, ಇದ್ದಕ್ಕಿದ್ದಂತೆ ಬಹಳ ನೀರು ಕುಡಿದರೆ ಮುಂದಿನ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರನ್ನು ಕಾಣಿ. ಒಂದು ಕಾಲನ್ನು ನೆಲಕ್ಕೆ ಊರದೇ ಇದ್ದರೆ, ಹಿಂಗಾಲು ಎರಡೂ ಒಮ್ಮೆಲೇ ಸೋತರೆ, ಮೂತ್ರ ತಾನಾಗಿ ಸೋರುತ್ತಿದ್ದರೆ ಕೀಲಿನ ಮಾತಲ್ಲ ಅದು. ಬೆನ್ನುಹುರಿ ಒತ್ತಿಕೊಂಡಿದ್ದರೆ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ದೀಪಾವಳಿಯ ಪಟಾಕಿಗೆ ಬೆದರಿ ಜಾರಿ ಬಿದ್ದ ಮುದಿ ನಾಯಿಗಳಲ್ಲಿ ಇದನ್ನು ವಿಶೇಷವಾಗಿ ನೋಡಿ.

ಸೋತ ಹಿಂಗಾಲಿಗೆ ಪಂಚೆ: ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ಹೊಟ್ಟೆಯ ಹಿಂಭಾಗದಡಿ ತೂರಿಸಿ ಎರಡೂ ತುದಿ ಮೇಲೆ ಹಿಡಿದು ಸೊಂಟದ ಭಾರವನ್ನಷ್ಟೇ ಹೊರಿ. ಗಂಡು ನಾಯಿಯಾದರೆ ಮೂತ್ರದ ದಾರಿಗೆ ಬಟ್ಟೆ ಒತ್ತದಂತೆ ಸರಿಸಿ. ಆದರೆ ಬಿದ್ದು ಪೂರ್ತಿ ಏಳಲಾಗದ ನಾಯಿಯನ್ನು ಪಂಚೆಯಿಂದ ಎಬ್ಬಿಸಲು ಹೋಗಬೇಡಿ. ಇಳಿಜಾರಿಗೆ ಮಾಡಿಸಿದ ಹಲಗೆಯನ್ನೇ ಪಕ್ಕಕ್ಕಿಟ್ಟು, ಕಂಬಳಿ ಸಮೇತ ಇಬ್ಬರು ಅದರ ಮೇಲೆ ಎಳೆದುಕೊಂಡು, ಬೆನ್ನು ಬಾಗದಂತೆ ಕಾರಿಗೆ ಸೇರಿಸಿ. ಪ್ರೀತಿಯ ನಾಯಿಯಾದರೂ ನೋವಿಗೆ ಕಚ್ಚುತ್ತದೆ, ಮೂತಿಗೆ ಬಟ್ಟೆ ಪಟ್ಟಿ ಸಡಿಲವಾಗಿ ಸುತ್ತಿ. ವಾಂತಿ ಮಾಡುತ್ತಿದ್ದರೆ ಅಥವಾ ಉಸಿರಿಗೆ ಕಷ್ಟಪಡುತ್ತಿದ್ದರೆ ಸುತ್ತಬೇಡಿ. ದಾರಿಯಲ್ಲಿ ಇನ್ನೊಂದು ಮಾತ್ರೆ ಕೊಡಬೇಡಿ. ಕೊನೆಯ ಮಾತ್ರೆ ಯಾವುದು, ಎಷ್ಟು ಗಂಟೆಗೆ ಕೊಟ್ಟಿದ್ದು ಎಂದು ಸ್ಟ್ರಿಪ್ಪಿನ ಹಿಂದೆ ಬರೆದು ಡಾಕ್ಟರ ಕೈಗೆ ಕೊಡಿ.